ಉಪ್ಪಿನಕಾಯಿ ಮಾರುವವಳಿಗೆ ವಾಟ್ಸ್‌ಆ್ಯಪ್ ಬಿಸಿನೆಸ್: ನಾಲ್ಕು ವರ್ಷ ಬಳಸಿದ ಮೇಲೆ

ನಮ್ಮ ಮನೆ ಶಿರಸಿಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಅಂಚಿನಲ್ಲಿದೆ. ಮಿಡಿ ಉಪ್ಪಿನಕಾಯಿ, ಹಲಸಿನಕಾಯಿ ಹಪ್ಪಳ ಮಾಡಿ ಮಾರುತ್ತೇನೆ. ಮೊದಲು ಪೇಟೆಯ ಎರಡು ಅಂಗಡಿಗೆ ಕೊಡುತ್ತಿದ್ದೆ. ಖರ್ಚಾದ ಮೇಲೆ ದುಡ್ಡು, ಅದೂ ತಿಂಗಳುಗಟ್ಟಲೆ ತಡ. ತಿಂದವರು ಯಾರು, ಖಾರ ಜಾಸ್ತಿ ಆಯ್ತಾ, ಉಪ್ಪು ಸರಿಯಿತ್ತಾ, ಒಂದೂ ಗೊತ್ತಾಗುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಮಗಳು ನನ್ನ ಫೋನಿಗೆ ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿಕೊಟ್ಟಳು. ಈಗ ಮಾಡಿದ್ದರಲ್ಲಿ ಮುಕ್ಕಾಲು ಪಾಲು ಅದರಿಂದಲೇ ಹೋಗುತ್ತದೆ.

ಈ ಆ್ಯಪ್ ನಮ್ಮ ದೇಶಕ್ಕೆ ಬಂದದ್ದು 2018ರ ಜನವರಿಯಲ್ಲಿ. ಪುಕ್ಕಟೆ. ಬೇರೆ ನಂಬರ್ ಇದ್ದರೆ ಮಾಮೂಲಿ ವಾಟ್ಸ್‌ಆ್ಯಪ್ ಜೊತೆಗೆ ಅದೇ ಫೋನಿನಲ್ಲಿ ಇಟ್ಟುಕೊಳ್ಳಬಹುದು. ನೆಂಟರ ಮಾತಿನ ನಡುವೆ ಗಿರಾಕಿಯ ಆರ್ಡರ್ ಕಳೆದುಹೋಗುವುದಿಲ್ಲ.

ನನಗೆ ಎಲ್ಲಕ್ಕಿಂತ ಉಪಕಾರ ಮಾಡಿದ್ದು ಸ್ಟೇಟಸ್. ಈ ವರ್ಷ ಮಿಡಿ ಬಂದ ದಿನ ಅತ್ತೆ ಜಗಲಿಯಲ್ಲಿ ಕೂತು ತೊಟ್ಟು ಮುರಿಯುತ್ತಿದ್ದರು. ಪೂರ್ತಿ ಮುರಿಯಬಾರದು, ಸ್ವಲ್ಪ ಬಿಡಬೇಕು. ಮುರಿದಲ್ಲಿ ಸೊನೆ ಜಿನುಗಿ ಅವರ ಹೆಬ್ಬೆರಳಿಗೆ ಅಂಟುತ್ತಿತ್ತು. ಹತ್ತಿರ ಹಿಡಿದು ಸಣ್ಣ ವಿಡಿಯೊ ಮಾಡಿ ಹಾಕಿದೆ. ಸಂಜೆಯೊಳಗೆ 17 ಜನ ಕೇಳಿದರು. ಬೆಂಗಳೂರಿನ ಒಬ್ಬರು ಧ್ವನಿ ಸಂದೇಶ ಕಳಿಸಿದರು: "ಅಕ್ಕಾ, ಆ ಸೊನೆ ನೋಡಿಯೇ ಪರಿಮಳ ಬಂದ ಹಾಗಾಯ್ತು. ಒಂದು ಕೆಜಿ ನನಗೆ ಎತ್ತಿಡಿ. ಉಪ್ಪಿನಲ್ಲಿ ಚಿರುಟಿದ ಮೇಲೆ ಇನ್ನೊಂದು ಫೋಟೊ ಹಾಕಿ, ಅಮ್ಮನಿಗೆ ತೋರಿಸಬೇಕು." ಪರಿಮಳಕ್ಕೆ ಹೆಸರಾದ ನಮ್ಮ ಕಡೆಯ ಈ ಮಾವಿನ ಮಿಡಿ, ಅಪ್ಪೆಮಿಡಿಗೆ, ಜಿಐ ಟ್ಯಾಗ್ (ಇಂಥ ಪ್ರದೇಶದ್ದು ಅನ್ನುವ ಸರ್ಕಾರಿ ಗುರುತು) ಇದೆ, ನಿಜ. ಆದರೆ ಬಾಟಲಿ ಮೇಲೆ ಅಪ್ಪೆಮಿಡಿ ಅಂತ ಯಾರು ಬೇಕಾದರೂ ಬರೆಯಬಹುದು ಅಲ್ವಾ? ಸೊನೆ ಕಣ್ಣಿಗೆ ಕಂಡರೆ ಜನ ಮತ್ತೆ ಪ್ರಶ್ನೆ ಕೇಳುವುದಿಲ್ಲ. ಸ್ಟೇಟಸ್ 24 ಗಂಟೆಯಲ್ಲಿ ಮಾಯವಾಗುತ್ತದೆ. ಅದೂ ಒಳ್ಳೆಯದೇ, ಮಿಡಿ ಮುಗಿದ ಮೇಲೆ ಹಳೇ ಫೋಟೊ ನೋಡಿ ಯಾರೂ ಕೇಳುವುದಿಲ್ಲ.

ಎರಡನೆಯದು ಲೇಬಲ್, ಅಂದರೆ ಗಿರಾಕಿಯ ಹೆಸರಿಗೆ ಅಂಟಿಸುವ ಗುರುತು. "ಖಾರ ಕಡಿಮೆ", "ಹಣ ಬಾಕಿ", "ಪಾರ್ಸೆಲ್ ಹೋಗಿದೆ" ಅಂತ ಕನ್ನಡದಲ್ಲೇ ಬರೆದಿಟ್ಟಿದ್ದೇನೆ. ಬಿಪಿ ಇರುವ ಹಿರಿಯರೊಬ್ಬರು ಉಪ್ಪು ತೊಳೆದ ಮಿಡಿ ಕೇಳುತ್ತಾರೆ. ಅವರ ಹೆಸರಿನ ಕೆಳಗೆ ಅದು ಇರುತ್ತದೆ, ನಾನು ಮರೆತರೂ ಆ್ಯಪ್ ಮರೆಯುವುದಿಲ್ಲ. ಬೆಲೆ, ಪಾರ್ಸೆಲ್ ಖರ್ಚು, ಎಷ್ಟು ದಿನ ಬೇಕು, ಇವಕ್ಕೆಲ್ಲ ಉತ್ತರ ಒಮ್ಮೆ ಬರೆದಿಟ್ಟರೆ ಸಾಕು. ಕೈಯೆಲ್ಲ ಸಾಸಿವೆ ಮಸಾಲೆ ಆಗಿರುವಾಗ ಅದು ಎಂಥ ಅನುಕೂಲ ಅಂತ ಮಾಡುವವರಿಗೇ ಗೊತ್ತು. ಪದಾರ್ಥಗಳನ್ನು ಫೋಟೊ ಸಮೇತ ತೋರಿಸುವ ಕ್ಯಾಟಲಾಗ್ ಇದೆ, ನನ್ನ ಹತ್ತಿರ ಇರುವುದೇ ಆರು ಪದಾರ್ಥ, ಅಷ್ಟಕ್ಕೆ ಸರಿ.

ಮಳೆಗಾಲದ ಮಾತು ಹೇಳಲೇಬೇಕು. ನಮ್ಮಲ್ಲಿ ಕರೆಂಟು ಹೋದರೆ ನೆಟ್‌ವರ್ಕ್ ಕೂಡ ಹೋಗುತ್ತದೆ, ಕೆಲವೊಮ್ಮೆ ಎರಡು ದಿನ. ಈ ಆ್ಯಪನ್ನು ಫೋನಲ್ಲದೆ ಲ್ಯಾಪ್‌ಟಾಪಿನಂಥ ಇನ್ನೂ ನಾಲ್ಕು ಸಾಧನಗಳಿಗೆ ಜೋಡಿಸಬಹುದು. ನನ್ನ ಫೋನ್ ಸತ್ತು ಬಿದ್ದಿದ್ದರೂ ಬೆಂಗಳೂರಿನಲ್ಲಿ ಮಗಳು ತನ್ನ ಲ್ಯಾಪ್‌ಟಾಪಿನಿಂದ ಗಿರಾಕಿಗಳಿಗೆ ಉತ್ತರ ಕೊಡುತ್ತಾಳೆ. ಕಳೆದ ಜುಲೈಯಲ್ಲಿ ಆ ಎರಡು ದಿನ ಅವಳೇ ಒಂಬತ್ತು ಆರ್ಡರ್ ಬರೆದಿಟ್ಟುಕೊಂಡಿದ್ದಳು.

ಕೊರತೆಯೂ ಇದೆ. ಒಂದೇ ಸಂದೇಶವನ್ನು ಹಲವರಿಗೆ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟಿನಲ್ಲಿ ಒಂದು ಪಟ್ಟಿಗೆ 256 ಜನ ಮಾತ್ರ. ಅದೂ ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗಷ್ಟೇ ತಲುಪುತ್ತದೆ. ಮೊದಲ ವರ್ಷ ಇದು ನನಗೆ ಗೊತ್ತಿರಲಿಲ್ಲ. ಹಪ್ಪಳ ಸಿದ್ಧ ಅಂತ ಕಳಿಸಿ, ಯಾರೂ ಕೇಳುತ್ತಿಲ್ಲವಲ್ಲ ಅಂತ ಕೊರಗಿದ್ದೆ. ಈಗ ಪ್ರತಿ ಪಾರ್ಸೆಲ್ಲಿನಲ್ಲಿ ಒಂದು ಚೀಟಿ ಇಡುತ್ತೇನೆ: "ನಂಬರ್ ಸೇವ್ ಮಾಡಿಕೊಳ್ಳಿ, ಮುಂದಿನ ಮಿಡಿ ಬಂದಾಗ ತಿಳಿಯುತ್ತದೆ."

ಹಣದ ವಿಷಯದಲ್ಲಿ ನಾವೇ ಹುಷಾರಾಗಿರಬೇಕು. ಯುಪಿಐ ಸ್ಕ್ರೀನ್‌ಶಾಟ್ ನಂಬಿ ಒಬ್ಬರಿಗೆ ಎರಡು ಕೆಜಿ ಕಳಿಸಿದೆ. ಖಾತೆಗೆ ದುಡ್ಡು ಬಂದೇ ಇರಲಿಲ್ಲ. ಆಮೇಲೆ ಆ ನಂಬರಿನಿಂದ ಉತ್ತರವೂ ಇಲ್ಲ. ತುಂಬ ಬೇಜಾರಾಯಿತು. ಅಂದಿನಿಂದ ಖಾತೆ ನೋಡದೆ ಬಾಟಲಿ ಕಟ್ಟುವುದಿಲ್ಲ.

ಇನ್‌ಸ್ಟಾಗ್ರಾಂ ಕೂಡ ಬಳಸಿದೆ. ಹಪ್ಪಳ ಒತ್ತುವ ರೀಲ್ಸ್ ತುಂಬ ಜನ ನೋಡಿದರು, ಹೃದಯದ ಗುರುತು ಒತ್ತಿದರು. ಕೊಂಡವರು ಐದೇ ಜನ. ಆದರೆ ಆ ಐದರಲ್ಲಿ ನಾಲ್ವರು ವಾಟ್ಸ್‌ಆ್ಯಪಿಗೆ ಬಂದು ಈಗಲೂ ತರಿಸಿಕೊಳ್ಳುತ್ತಾರೆ. ಹೊಸಬರು ಅಲ್ಲಿಂದ ಬರಲಿ, ವ್ಯಾಪಾರ ಇಲ್ಲಿ ನಡೆಯಲಿ ಅಂತ ನನ್ನ ಲೆಕ್ಕ. ದೊಡ್ಡ ಪ್ರಮಾಣದಲ್ಲಿ ಮಾಡುವವರಿಗೆ ಇದು ಸಾಕಾಗಲಿಕ್ಕಿಲ್ಲ. ಮನೆಯಲ್ಲಿ ನಾಲ್ಕು ಕೈ ಸೇರಿ ಮಾಡುವವರು ಇಂದೇ ಶುರು ಮಾಡಿ ಅಂತ ಧೈರ್ಯವಾಗಿ ಹೇಳುತ್ತೇನೆ.

ಈ ವರ್ಷದ ಹಪ್ಪಳ ಮೇ ಕೊನೆಗೇ ಖಾಲಿ. ಹೊಸ ಲೇಬಲ್ ಒಂದು ಮಾಡಿದ್ದೇನೆ, "ಮುಂದಿನ ಬೇಸಿಗೆಗೆ" ಅಂತ. ಅದರಲ್ಲಿ ಈಗ 41 ಹೆಸರಿವೆ.