ಸಿಸ್ಟಮ್ ಅನಾಲಿಸಿಸ್ ಕಲಿಕೆ: ಡಿಎಫ್‌ಡಿ, ಯುಎಂಎಲ್, ಪ್ರೊಟೋಟೈಪ್

ಮಾಹಿತಿ ವ್ಯವಸ್ಥೆಗಳ ವಿಶ್ಲೇಷಣೆ ಮತ್ತು ವಿನ್ಯಾಸವನ್ನು ಕಲಿಯುವಾಗ, ಗ್ರಂಥಾಲಯದ ಎರವಲು ವಿಭಾಗವೆಂಬ ಒಂದೇ ಸಮಸ್ಯೆಯನ್ನು ಮೂರು ವಿಧಾನಗಳಲ್ಲಿ ಬಿಡಿಸಿ ನೋಡಿದೆ. ದತ್ತಾಂಶ ಹರಿವಿನ ನಕ್ಷೆ, ಅಂದರೆ ಡಿಎಫ್‌ಡಿ, ಮೊದಲನೆಯದು, ತಂತ್ರಾಂಶದ ರಚನೆ ಮತ್ತು ನಡವಳಿಕೆಯನ್ನು ಚಿತ್ರಿಸುವ ನಕ್ಷಾಭಾಷೆಯಾದ ಯುಎಂಎಲ್ ಎರಡನೆಯದು, ನಕ್ಷೆಗಳ ಗೋಜಿಗೇ ಹೋಗದೆ ಮಾದರಿ ಪರದೆಗಳನ್ನು ತಯಾರಿಸಿ ಬಳಕೆದಾರರ ಮುಂದಿಡುವ ಪ್ರೊಟೋಟೈಪ್ ಮೂರನೆಯದು.

1970ರ ದಶಕದ ಡಿಎಫ್‌ಡಿಯನ್ನು ಹಳೆಯದೆಂದು ತಳ್ಳಿಹಾಕುವವರು ಬಹಳ, ನಾನೂ ಅವರಲ್ಲೊಬ್ಬನಾಗಿದ್ದೆ. ಆದರೆ ಅದರಲ್ಲಿರುವುದು ನಾಲ್ಕೇ ಚಿಹ್ನೆಗಳಾದ್ದರಿಂದ ಅವುಗಳನ್ನು ಕಲಿಯಲು ಒಂದು ಸಂಜೆ ಸಾಕು, ತಪ್ಪು ಅಡಗಿಕೊಳ್ಳಲು ಜಾಗವೂ ಕಡಿಮೆ. ಎರವಲು ಕಡತದಿಂದ ದಂಡದ ಕಡತಕ್ಕೆ ನಾನು ನೇರವಾಗಿ ಬಾಣ ಎಳೆದಿದ್ದೆ. ನಡುವೆ ಪ್ರಕ್ರಿಯೆಯೊಂದಿಲ್ಲದೆ ಒಂದು ಸಂಗ್ರಹದಿಂದ (ಇಲ್ಲಿ ಕಡತದಿಂದ) ಇನ್ನೊಂದಕ್ಕೆ ದತ್ತಾಂಶ ಹರಿಯುವಂತಿಲ್ಲ ಎಂಬ ನಿಯಮ ನೆನಪಾಗಿ ಅಲ್ಲಿ ಪ್ರಕ್ರಿಯೆಯನ್ನು ಸೂಚಿಸುವ ವೃತ್ತವೊಂದನ್ನು ಬರೆಯಹೋದಾಗ, ಅದಕ್ಕೆ ಏನು ಹೆಸರಿಡಬೇಕೆಂದೇ ತಿಳಿಯಲಿಲ್ಲ. ದಂಡವನ್ನು ಯಾರು, ಯಾವ ಆಧಾರದ ಮೇಲೆ ಲೆಕ್ಕ ಹಾಕುತ್ತಾರೆಂದು ನಾನು ಯಾರನ್ನೂ ಕೇಳಿಯೇ ಇರಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಮಾತ್ರ ಈ ನಕ್ಷೆ ಹೇಳುವುದಿಲ್ಲ.

ಆ ಕೊರತೆಯನ್ನು, ಒಂದರ ನಂತರ ಒಂದು ನಡೆಯುವುದನ್ನು ಕ್ರಮವಾಗಿ ತೋರಿಸುವ ಯುಎಂಎಲ್‌ನ ಸೀಕ್ವೆನ್ಸ್ ನಕ್ಷೆ ತುಂಬಿತು. 1997ರಲ್ಲಿ ಪ್ರಮಾಣಕವಾದ ಯುಎಂಎಲ್‌ನ ಈಗಿನ ಆವೃತ್ತಿಯಲ್ಲಿ 14 ಬಗೆಯ ನಕ್ಷೆಗಳಿವೆ. ಅಷ್ಟನ್ನೂ ಕಲಿಯಹೊರಟದ್ದು ನನ್ನ ದಡ್ಡತನ. ಬಳಕೆದಾರರು ವ್ಯವಸ್ಥೆಯಿಂದ ಮಾಡಿಸಿಕೊಳ್ಳುವ ಕೆಲಸಗಳಾದ ಯೂಸ್ ಕೇಸ್‌ಗಳಲ್ಲಿ 'ಇನ್‌ಕ್ಲೂಡ್' (ಒಂದು ಕೆಲಸ ಇನ್ನೊಂದನ್ನು ಸದಾ ಒಳಗೊಳ್ಳುವುದು) ಎಲ್ಲಿ, 'ಎಕ್ಸ್‌ಟೆಂಡ್' (ಕೆಲವು ಸಂದರ್ಭಗಳಲ್ಲಷ್ಟೇ ಸೇರಿಕೊಳ್ಳುವುದು) ಎಲ್ಲಿ ಎಂದು ಸಹಪಾಠಿಯೊಡನೆ ವಾದಿಸುತ್ತ ಕಳೆದ ದಿನಗಳಲ್ಲಿ ಗ್ರಂಥಾಲಯದ ಬಗ್ಗೆ ಹೊಸದೇನೂ ತಿಳಿಯಲಿಲ್ಲ. ವ್ಯವಸ್ಥೆಯಲ್ಲಿನ ವಸ್ತುಗಳ ಬಗೆಗಳನ್ನೂ (ಕ್ಲಾಸ್) ಅವುಗಳ ನಡುವಿನ ಸಂಬಂಧಗಳನ್ನೂ ತೋರಿಸುವ ಕ್ಲಾಸ್ ನಕ್ಷೆಯ ಕಥೆ ಬೇರೆ. ಸದಸ್ಯ ಮತ್ತು ಪುಸ್ತಕಗಳ ನಡುವಿನ ಗೆರೆಯ ತುದಿಗಳಲ್ಲಿ, ಒಂದಕ್ಕೆ ಎಷ್ಟು ಎಂಬ ಸಂಖ್ಯೆ ಬರೆಯಬೇಕಾಗಿ ಬಂದಾಗ, ಒಂದೇ ಶೀರ್ಷಿಕೆಯ ಐದು ಪ್ರತಿಗಳನ್ನು ಐವರು ಒಯ್ದಿರಬಹುದೆಂಬುದು ಹೊಳೆದು, 'ಪುಸ್ತಕ' ಮತ್ತು 'ಪ್ರತಿ' ಎಂಬ ಎರಡು ಕ್ಲಾಸ್‌ಗಳನ್ನು ಬೇರ್ಪಡಿಸಿದೆ. ಇದೇ ತಪ್ಪು ಡಿಎಫ್‌ಡಿಯಲ್ಲಿ ನನ್ನ ಕಣ್ಣು ತಪ್ಪಿಸಿ ಉಳಿದುಕೊಂಡಿತ್ತು.

ಪ್ರೊಟೋಟೈಪ್‌ನಿಂದ ನನಗೆ ಹೆಚ್ಚಿನ ಕಲಿಕೆಯಾಗಲಿಲ್ಲ. ಪರದೆಯನ್ನು ಕಂಡವರು ಅಕ್ಷರದ ಗಾತ್ರ, ಗುಂಡಿಯ ಬಣ್ಣಗಳನ್ನು ಕುರಿತೇ ಮಾತನಾಡಿದರು. ಎರವಲು ಕೌಂಟರಿನ ಸಿಬ್ಬಂದಿಯೊಬ್ಬರು ಮಾತ್ರ, ಕಳೆದುಹೋದ ಪುಸ್ತಕವನ್ನು ಎಲ್ಲಿ ನಮೂದಿಸಬೇಕೆಂದು ಕೇಳಿದರು. ನನ್ನ ಎರಡೂ ಬಗೆಯ ನಕ್ಷೆಗಳಲ್ಲಿ ಅದಕ್ಕೆ ಸ್ಥಳವಿರಲಿಲ್ಲ.

ಹಾಗಾಗಿ ಈಗ ಹೊಸ ಸಮಸ್ಯೆಯನ್ನು ಎತ್ತಿಕೊಂಡಾಗ ಡಿಎಫ್‌ಡಿಯಿಂದ ಆರಂಭಿಸಿ, ಕ್ಲಾಸ್ ಮತ್ತು ಸೀಕ್ವೆನ್ಸ್ ನಕ್ಷೆಗಳನ್ನಷ್ಟೇ ಸೇರಿಸಿಕೊಂಡು, ಕೊನೆಯಲ್ಲಿ ಕಾಗದದ ಮೇಲೆ ಪೆನ್ಸಿಲಿನಿಂದ ಬರೆದ ಪರದೆಗಳನ್ನು ತೋರಿಸುತ್ತೇನೆ. ಬಣ್ಣವಿಲ್ಲದ ಪರದೆಯ ಮುಂದೆ ಜನ ಕೆಲಸದ ಬಗ್ಗೆಯೇ ಮಾತನಾಡುತ್ತಾರೆ.