ರೌಟರ್‌ಗೆ ಹಾಕಿದ ಟೈಮರ್ ಪ್ಲಗ್: 14 ತಿಂಗಳು ಬಳಸಿದ ಮೇಲೆ

ಮೀನಿನ ತೊಟ್ಟಿಯ ದೀಪಕ್ಕೆ ಹಾಕುತ್ತಾರಲ್ಲ, ಚಕ್ರ ತಿರುಗುವ ಸಾದಾ ಟೈಮರ್, ಅದೇ ಇದು. 650 ರೂಪಾಯಿ ಕೊಟ್ಟು ನಾನು ತಂದದ್ದು ರೌಟರ್‌ಗೆ. ವಯಸ್ಸು 43. ಆನ್‌ಲೈನ್ ರೋಲ್‌ಪ್ಲೇ ಗೇಮ್‌ನಲ್ಲಿ ನಾನು ಹೀಲರ್, ಅಂದರೆ ಗಾಯಗೊಂಡ ಜೊತೆಗಾರರನ್ನು ಗುಣ ಮಾಡುವವನು. ಒಬ್ಬನೇ ಆಡುವ ಆಟವಾದರೆ ನಿಲ್ಲಿಸಿ ಏಳಬಹುದು. ಇಲ್ಲಿ ನಾವು ಎದ್ದರೂ ಆ ಲೋಕ ನಡೆಯುತ್ತಲೇ ಇರುತ್ತದೆ, ಗಿಲ್ಡಿನವರು, ಅಂದರೆ ಜೊತೆಗೆ ಆಡುವ ತಂಡದವರು, ಕಾಯುತ್ತಿರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಚಟಕ್ಕೇ 2014ರಿಂದ ಕ್ಲಿನಿಕ್ ಇದೆ ಅಂತ ಹೆಂಡತಿ ಹೇಳಿದಳು. ಮೊದಲು ರಾತ್ರಿ ತಾನೇ ನೆಟ್ ಆರಿಸುವ ಟೈಮರ್ ನೋಡೋಣ ಅಂದೆ.

ಚಕ್ರದ ಸುತ್ತ 96 ಹಲ್ಲು, ಒಂದೊಂದು ಕಾಲು ಗಂಟೆಗೆ. ಬೆಳಿಗ್ಗೆ 6ರಿಂದ ರಾತ್ರಿ 11ರವರೆಗೆ 68 ಹಲ್ಲು ಒತ್ತಬೇಕು. ಅದೊಂದು ಖುಷಿ, ಅವರೆಕಾಯಿ ಸುಲಿದ ಹಾಗೆ. 11ಕ್ಕೆ ಸಣ್ಣಗೆ 'ಟಕ್'. ಹಸಿರು ದೀಪ ಆರುತ್ತದೆ. ಮೊದಲ ವಾರ ಮೈಯೆಲ್ಲ ಸಿಟ್ಟು. ಆಮೇಲೆ ಹತ್ತು ನಿಮಿಷ ಮುಂಚೆಯೇ ಎದ್ದು, ನೀರು ಕುಡಿದು, ಆ ಟಕ್ ಕೇಳಲು ನಿಲ್ಲುತ್ತಿದ್ದೆ. ಮೊಬೈಲ್ ಹಾಟ್‌ಸ್ಪಾಟ್ ಇಲ್ವಾ ಅಂತೀರಾ? ನಮ್ಮ ಮನೆಯೊಳಗೆ ಒಂದೇ ಕಡ್ಡಿ ಸಿಗ್ನಲ್. ಪುಣ್ಯ.

ಇನ್ನು ದೋಷ. ಕರೆಂಟ್ ಹೋದರೆ ಚಕ್ರವೂ ನಿಲ್ಲುತ್ತದೆ. ಪುಣೆಯಲ್ಲಿ ನಮ್ಮ ಕಡೆ ರಿಪೇರಿ ಅಂತ ಕರೆಂಟ್ ತೆಗೆಯುವುದು ಗುರುವಾರ. 'ಲೈಟ್ ಗೇಲೀ' (ಕರೆಂಟ್ ಹೋಯ್ತು) ಅಂತ ಕೆಳಗೆ ಹುಡುಗರು ಮರಾಠಿಯಲ್ಲಿ ಕೂಗಿದರೆ ಮೂರು ತಾಸು ಗ್ಯಾರಂಟಿ. ಆ ರಾತ್ರಿ ಟಕ್ ಬರುವುದು ಎರಡಕ್ಕೆ.

ಮೊದಲ ಸಲ ಬೇಜಾರಾಯಿತು. ಎರಡನೇ ಸಲ ಆಗಲಿಲ್ಲ. ನಮ್ಮ ಗಿಲ್ಡಿನಲ್ಲಿ ಜರ್ಮನಿಯವರೇ ಜಾಸ್ತಿ. ಬೇಸಿಗೆಯಲ್ಲಿ ಅವರ ರಾತ್ರಿ 9 ಅಂದರೆ ನಮಗೆ 12:30. ದೊಡ್ಡ ರೇಡ್, ಅಂದರೆ ಎಲ್ಲರೂ ಸೇರಿ ಮಾಡುವ ದಾಳಿ, ಶುರುವಾಗುವುದೇ ಆಗ. 'ಗುರುವಾರ ನಾನು ಸಿಗುತ್ತೇನೆ' ಅಂತ ಅವರಿಗೆ ಹೇಳಿಬಿಟ್ಟೆ. ಟೈಮರಿನ ಮಗ್ಗುಲಲ್ಲೇ ಒಂದು ಸ್ವಿಚ್ ಇದೆ, ಒತ್ತಿದರೆ ನೆಟ್ ಆರುವುದೇ ಇಲ್ಲ. ಅದನ್ನು ಒಂದು ದಿನವೂ ಮುಟ್ಟಲಿಲ್ಲ. ಮುಟ್ಟಿದರೆ ಕಳ್ಳತನ. ಕರೆಂಟ್ ಹೋದರೆ ದೇವರಿಚ್ಛೆ, ಅಲ್ವಾ?

ಎರಡಕ್ಕೆ ಆಟ ಮುಗಿದ ಮೇಲೆ ಚಕ್ರವನ್ನು ಮೂರು ತಾಸು ಮುಂದಕ್ಕೆ ತಿರುಗಿಸಿ ಮಲಗುತ್ತಿದ್ದೆ. ಒಂದು ರಾತ್ರಿ ಕುರ್ಚಿಯಲ್ಲೇ ನಿದ್ದೆ ಬಂತು. ಬೆಳಿಗ್ಗೆ 6ಕ್ಕೆ ಅವ್ವ ಟಿವಿಯಲ್ಲಿ ದಾಸರ ಪದ ಹಾಕಲು ಹೋದರೆ ನೆಟ್ ಇಲ್ಲ. 'ಧಾರವಾಡದಾಗ ರೇಡಿಯೋನ ಛಲೋ ಇತ್ತು' ಅಂತ ಗೊಣಗಿದಳು. ಹೆಂಡತಿ ಟೈಮರ್ ನೋಡಿದಳು, ಗೋಡೆ ಗಡಿಯಾರ ನೋಡಿದಳು, ನನ್ನನ್ನು ನೋಡಿದಳು. ಒಂದು ಮಾತೂ ಆಡಲಿಲ್ಲ. ಈಗ ಗುರುವಾರ ಸಂಜೆ ಚಕ್ರ ಸರಿ ಮಾಡುವವಳು ಅವಳೇ.

ಐದಕ್ಕೆ ಮೂರು ಸ್ಟಾರ್. ಕರೆಂಟ್ ಹೋಗುವ ಊರಿನವರು ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತೆಗೆದುಕೊಳ್ಳಿ, ಅದರ ಗಡಿಯಾರ ನಿಲ್ಲುವುದಿಲ್ಲ. 'ನಾವೂ ಅದನ್ನೇ ತರೋಣ ರೀ' ಅಂದಳು ಮೊನ್ನೆ. ಇದು ಇನ್ನೂ ಚೆನ್ನಾಗೇ ಇದೆಯಲ್ಲ, ಸುಮ್ನೆ ದುಡ್ಡು ಯಾಕೆ ಅಂದೆ.