ಅಂಟು ಹಾಕಿರೋ ಕಾರ್ ಗ್ಲಾಸ್ ಮನೇಲಿ ಬಿಚ್ಚೋಕೆ ಹೋಗ್ಬೇಡಿ, ನಮ್ಮ ಬಾಮೈದನ ಕಣ್ಣೇ ಹೋಗ್ತಿತ್ತು

ಹಳೇ ಕಾರಿನ ಹಿಂದಿನ ಗ್ಲಾಸನ್ನ ಮನೆ ಮುಂದೆ ನಿಲ್ಲಿಸ್ಕೊಂಡು ನಾವೇ ಬಿಚ್ಚೋಣ ಅಂತ ಯಾರಾದ್ರೂ ಯೋಚ್ನೆ ಮಾಡ್ತಿದ್ರೆ ದಯವಿಟ್ಟು ಇದನ್ನ ಪೂರ್ತಿ ಓದಿ, ಆಮೇಲೆ ಕೈ ಹಾಕಿ.

ನಮ್ದು ಮಂಡ್ಯ. ಅಪ್ಪ 2005ರಲ್ಲಿ ಲೋನ್ ಮಾಡಿ ತಗೊಂಡ ಸಣ್ಣ ಕಾರು, ಕೆಎ-11 ನಂಬರ್ರು. 15 ವರ್ಷ ಆದ್ಮೇಲೆ ಒಂದ್ಸಲ ಆರ್‌ಸಿ ರಿನ್ಯೂವಲ್ ಮಾಡ್ಸಿದ್ವಿ, ಆ 5 ವರ್ಷಾನೂ ಮುಗೀತಾ ಬಂದಿತ್ತು, ಅಪ್ಪಂಗೆ ಅದನ್ನ ಗುಜರಿಗೆ ಹಾಕೋಕೆ ಮನಸ್ಸಿಲ್ಲ. ಆದ್ರೆ ಮಳೆ ಬಂದ್ರೆ ಸಾಕು ಡಿಕ್ಕಿ ಒಳಗೆ ನೀರು, ಸ್ಟೆಪ್ನಿ ಇಡೋ ಗುಂಡೀಲಿ ಚೊಂಬಲ್ಲಿ ಮೊಗೆದು ಚೆಲ್ಲೋ ಅಷ್ಟು ನಿಲ್ತಿತ್ತು. ಟಿಂಕರಿಂಗ್ ಮೇಸ್ತ್ರಿ ನೋಡಿ "ಸಾರ್, ಗ್ಲಾಸ್ ಅಡಿ ತಗಡು ತುಕ್ಕು ತಿಂದೈತೆ, ಗ್ಲಾಸ್ ಬಿಚ್ಚಿ ಕೊಡಿ ಪ್ಯಾಚ್ ಹಾಕ್ಕೊಡ್ತೀನಿ" ಅಂದ್ರು. ಗ್ಲಾಸ್ ಅಂಗಡಿಯವ್ರು ತೆಗೆದು ಮತ್ತೆ ಕೂರ್ಸೋಕೆ 2500 ಕೇಳಿದ್ರು. ಆ ದುಡ್ಡು ಉಳ್ಸೋಕೆ ಹೋದೆ ನೋಡಿ.

ಅಂಬಾಸಿಡರ್, ಪದ್ಮಿನಿ ಥರ ಹಳೇ ಗಾಡಿಗಳಲ್ಲಿ ಗ್ಲಾಸು ರಬ್ಬರ್ ಬೀಡಿಂಗಲ್ಲಿ ಕೂತಿರುತ್ತೆ, ಬೀಡಿಂಗ್ ಅಂಚು ಎತ್ಕೊಂಡು ಒಳಗಿಂದ ಒತ್ತಿದ್ರೆ ಹೊರಗೆ ಬರುತ್ತೆ. ಅದನ್ನ ಚಿಕ್ಕಂದಿನಲ್ಲಿ ನೋಡಿದ್ದೆ, ಇದೂ ಹಂಗೇ ಅನ್ಕೊಂಡೆ. ಇದು ಬೇರೆ. ಪಾಲಿಯುರೆಥೇನ್ ಅಂತ ಕಪ್ಪಗೆ ಟಾರ್ ಥರ ಇರೋ ಅಂಟು, ಗ್ಲಾಸ್‌ಗೂ ತಗಡಿಗೂ ಮಧ್ಯೆ ಸುತ್ತಲೂ ಬೆರಳು ದಪ್ಪ ಕೂತಿರುತ್ತೆ, ಇಪ್ಪತ್ತು ವರ್ಷ ಆದ್ರೂ ಒಂಚೂರೂ ಸಡಿಲ ಆಗಿರಲ್ಲ. ಅದನ್ನ ಕೊಯ್ಯೋಕೆ ತಂತಿ ಸಾಕು ಅಂತ ಒಂದು ವಿಡಿಯೋ ನೋಡಿದ್ದೆ, ಒಬ್ರು ಒಳಗೆ ಒಬ್ರು ಹೊರಗೆ ಕೂತು ಗರಗಸದ ಹಂಗೆ ಎಳೆಯೋದು. ಅದು ಮುಂದಿನ ಗ್ಲಾಸ್ ತೆಗೆಯೋ ವಿಡಿಯೋ. ಹಿಂದಿಂದೂ ಮುಂದಿಂದೂ ಒಂದೇ ಅಲ್ಲ ಅನ್ನೋದು ನಂಗೆ ಗೊತ್ತಿರ್ಲಿಲ್ಲ, ಇಡೀ ಅನಾಹುತ ಆಗಿದ್ದೇ ಇಲ್ಲಿ.

ಭಾನುವಾರ ಬಾಮೈದನ್ನ ಕರೆಸ್ಕೊಂಡೆ. ಬೈಕಿನ ಕ್ಲಚ್ ಕೇಬಲ್ ಒಳಗಿನ ತಂತಿ, ಹಿಡ್ಕೊಳ್ಳೋಕೆ ಮುರಿದ ಗುದ್ದಲಿ ಕಾವಿನ ಎರಡು ತುಂಡು. ಅವ್ನು ಡಿಕ್ಕಿ ಒಳಗೆ ಕೂತ, ನಾನು ಹೊರಗೆ. ಮೇಲ್ಗಡೆ ಅಂಚು ಚೆನ್ನಾಗೇ ಕೊಯ್ಕೊಂಡು ಬಂತು, ಆದ್ರೆ ಉಜ್ಜಿ ಉಜ್ಜಿ ತಂತಿ ಕಾಯುತ್ತೆ, ಕಾದು ಎರಡು ಸಲ ಪಟ್ ಅಂತ ಕಿತ್ಕೊಂಡು ಮುಖದ ಪಕ್ಕ ಚಾಟಿ ಬೀಸಿದಂಗೆ ಹೋಯ್ತು. ಆಗ್ಲೇ ಅವ್ನು "ಭಾವ, ಸಾಕು ಬುಡಿ, ನಾಳೆ ಅಂಗಡಿಯವ್ರನ್ನೇ ಕರೆಸಾಣ" ಅಂದ. ಮುಕ್ಕಾಲು ಭಾಗ ಆಗೈತೆ ಇನ್ನೊಂಚೂರು ಅಂದೆ ನಾನು. ಎಡಗಡೆ ಕೆಳಗಿನ ಮೂಲೇಲಿ ತಂತಿ ಮುಂದಕ್ಕೇ ಹೋಗ್ತಿರ್ಲಿಲ್ಲ, ಸ್ವಲ್ಪ ಸಂದು ಮಾಡ್ಕೊಳ್ಳೋಣ ಅಂತ ದೊಡ್ಡ ಸ್ಕ್ರೂಡ್ರೈವರ್ ಗ್ಲಾಸ್ ಅಂಚಿಗೆ ಕೊಟ್ಟು ಮೀಟಿದೆ.

ಢಮಾರ್ ಅಂತು. ಬಿರುಕು ಬಿಡೋದು ಅದೆಲ್ಲ ಇಲ್ಲ, ಒಂದು ಕ್ಷಣದಲ್ಲಿ ಇಡೀ ಗ್ಲಾಸು ಕಲ್ಲುಸಕ್ಕರೆ ಚೂರಿನ ಹಂಗೆ ಪುಡಿಪುಡಿಯಾಗಿ ಒಳಗೆ ಕೂತಿದ್ದ ಹುಡುಗನ ಮೇಲೆ ಸುರೀತು. ಕೈಗೆ ಮೊಣಕೈ ಹತ್ರ ಎರಡು ಕಡೆ ಕುಯ್ದಿತ್ತು, ಅದು ಪರ್ವಾಗಿಲ್ಲ, ಆದ್ರೆ ಅವ್ನು ಬಲಗಣ್ಣು ಮುಚ್ಕೊಂಡು "ಭಾವ ಕಣ್ಣಲ್ಲೇನೋ ಹೋಯ್ತು" ಅಂದಾಗ ನನ್ನ ಕೈಕಾಲೇ ಆಡ್ಲಿಲ್ಲ. ಉಜ್ಬೇಡ ಕಣೋ ಉಜ್ಬೇಡ ಅಂತ ಕೈ ಹಿಡ್ಕೊಂಡು ನೀರಲ್ಲಿ ತೊಳ್ಸಿ ಆಟೋಲಿ ಕರ್ಕೊಂಡು ಓಡಿದ್ವಿ. ಕಣ್ಣಿನ ಡಾಕ್ಟ್ರು ಒಂದು ಸಣ್ಣ ಕಾಗದದ ಪಟ್ಟಿ ಕಣ್ಣಿಗೆ ಮುಟ್ಟಿಸಿದ್ರು, ಕಣ್ಣೀರೆಲ್ಲ ಅರಿಶಿನದ ಬಣ್ಣ ಆಯ್ತು, ನೀಲಿ ಲೈಟ್ ಬಿಟ್ಟಾಗ ಕರಿಗುಡ್ಡೆ ಮೇಲೆ ಹಸಿರಾಗಿ ಒಂದು ಗೀರು ಹೊಳೀತಿತ್ತು. ಗಾಜು ಉಜ್ಕೊಂಡು ಹೋಗಿತ್ತು, ಚುಚ್ಕೊಂಡಿರ್ಲಿಲ್ಲ, ಪುಣ್ಯ. ಒಂದು ವಾರ ಡ್ರಾಪ್ಸ್ ಹಾಕಿ ವಾಸಿಯಾಯ್ತು. ನಮ್ಮತ್ತೆ ಒಂದು ಮಾತೂ ಬೈಲಿಲ್ಲ, ಅವರು ಬೈದಿದ್ರೇ ನಂಗೆ ಹಗುರ ಆಗ್ತಿತ್ತು.

ಆಮೇಲೆ ತಿಳ್ಕೊಂಡಿದ್ದು ಹೇಳ್ತೀನಿ. ಮುಂದಿನ ಗ್ಲಾಸು ಲ್ಯಾಮಿನೇಟೆಡ್, ಎರಡು ಗಾಜಿನ ಮಧ್ಯೆ ಪ್ಲಾಸ್ಟಿಕ್ ಹಾಳೆ ಇರುತ್ತೆ, ಒಡೆದ್ರೂ ಜೇಡರ ಬಲೆ ಥರ ಬಿರುಕು ಬಿಟ್ಟು ಅಲ್ಲೇ ನಿಲ್ಲುತ್ತೆ. ಹಿಂದಿಂದು, ಪಕ್ಕದ್ದು ಸಾಮಾನ್ಯವಾಗಿ ಟೆಂಪರ್ಡ್. ಅದನ್ನ 600 ಡಿಗ್ರಿಗೂ ಮೇಲೆ ಕಾಯ್ಸಿ ಗಾಳಿ ಹೊಡ್ದು ದಿಢೀರ್ ಅಂತ ಆರಿಸಿರ್ತಾರೆ, ಅದ್ರಿಂದ ಮೇಲ್ಮೈ ಬಿಗಿಯಾಗಿ ಒತ್ಕೊಂಡಿರುತ್ತೆ, ಒಳಗೆ ಎಳೆತ ಇರುತ್ತೆ. ಮಧ್ಯದಲ್ಲಿ ಗುದ್ದಿದ್ರೂ ತಡ್ಕೊಳ್ಳೋ ಗ್ಲಾಸು ಅಂಚಲ್ಲಿ ಕಬ್ಬಿಣದ ಮೊನೆ ತಾಗಿದ್ರೆ ಪೂರ್ತಿ ಸಿಡಿಯುತ್ತೆ. ಯಾವ್ದು ಯಾವ್ದು ಅಂತ ಗ್ಲಾಸಿನ ಮೂಲೇಲಿ ಐಎಸ್ಐ ಮಾರ್ಕ್ ಹತ್ರ ಸಣ್ಣ ಅಕ್ಷರದಲ್ಲಿ ಬರೆದಿರುತ್ತೆ, ನಾನು ಒಂದ್ಸಲಾನೂ ಬಗ್ಗಿ ನೋಡಿರ್ಲಿಲ್ಲ.

ಇನ್ನೊಂದು ವಿಷ್ಯ, ಇದೂ ಅಷ್ಟೇ ಮುಖ್ಯ. ಗ್ಲಾಸ್ ಹೋದ್ಮೇಲೆ ಚೌಕಟ್ಟು ನೋಡಿದ್ರೆ ಕಪ್ಪು ಅಂಟಿನ ಪಕ್ಕ ಬೆಳ್ಳಗೆ ರಬ್ಬರ್ ಥರ ಏನೋ ಮೆತ್ತಿತ್ತು. ಕೆಲವು ವರ್ಷದ ಹಿಂದೆ ನೀರು ಸೋರುತ್ತೆ ಅಂತ ಒಂದು ಗ್ಯಾರೇಜಲ್ಲಿ ಕೊಟ್ಟಿದ್ವಿ, ಅವ್ರು ಬಾತ್‌ರೂಮಿಗೆ ಹಾಕೋ ಸಿಲಿಕೋನ್ ತುಂಬಿ ಕಳ್ಸಿದ್ರು. ಕಾರಲ್ಲಿ ಎರಡು ದಿನ ವಿನೆಗರ್ ಥರ ಹುಳಿ ವಾಸ್ನೆ ಇತ್ತು ಅಂತ ಅಪ್ಪಂಗೆ ಇನ್ನೂ ನೆನಪಿದೆ. ಆ ವಾಸ್ನೆ ಬರೋ ಸಿಲಿಕೋನ್ ಒಣಗೋವಾಗ ಆಸಿಡ್ ಬಿಡುತ್ತೆ, ತಗಡಿಗೆ ಅದೇ ವಿಷ. ಅವ್ರು ಚಾಕು ಆಡಿಸಿದ ಒಂದೊಂದು ಗೀರಿನಿಂದ್ಲೂ ತುಕ್ಕು ಕವಲೊಡೆದಿತ್ತು, ಅದ್ರ ಪಕ್ಕದಲ್ಲೇ ನನ್ನ ತಂತಿ ಪೇಂಟ್ ಕಿತ್ತ ಹೊಸ ಗೀರುಗಳು ಬೆಳ್ಳಗೆ ಹೊಳೀತಿದ್ವು. ಮುಂದಿನ ಗ್ಲಾಸಿಗಂತೂ ಈ ಸಿಲಿಕೋನ್ ಹಾಕೋಕೆ ಬಿಡ್ಲೇಬೇಡಿ, ಬಹಳಷ್ಟು ಕಾರಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗ್ ಉಬ್ಬೋವಾಗ ಆ ಗ್ಲಾಸಿಗೇ ಒರಗೋದು, ಅಂಟು ಬಿಟ್ರೆ ಏರ್‌ಬ್ಯಾಗ್ ಇದ್ದೂ ಇಲ್ದಂಗೆ.

ಟಿಂಕರಿಂಗ್ ಮುಗಿಸಿ ಹಿಂದೆ ಪ್ಲಾಸ್ಟಿಕ್ ಶೀಟ್ ಕಟ್ಕೊಂಡು ಶ್ರೀರಂಗಪಟ್ಟಣದ ಮೇಲೆ ಮೈಸೂರಿಗೆ ತಗೊಂಡ್ಹೋದೆ, ಹಳೇ ಗಾಡಿದು ಒಂದು ಗ್ಲಾಸ್ ಅಲ್ಲಿ ಸಿಕ್ತು. ಹಿಂದೆ ಗ್ಲಾಸ್ ಇಲ್ದೆ ಓಡ್ಸೋವಾಗ ಸೈಲೆನ್ಸರ್ ಹೊಗೆ ಒಳಕ್ಕೇ ಎಳ್ಕೊಳ್ಳುತ್ತೆ, ನಂಗೆ ಶ್ರೀರಂಗಪಟ್ಟಣ ಬರೋ ಹೊತ್ಗೇ ತಲೆ ಭಾರ. ಅಲ್ಲಿ ಕೂರ್ಸಿದವ್ರ ಕೆಲ್ಸ ನಿಂತು ನೋಡ್ದೆ. ಚೆನ್ನಾಗಿದ್ದ ಕಡೆ ಹಳೇ ಅಂಟನ್ನ ಪೂರ್ತಿ ಕೆರೀಲಿಲ್ಲ, ಒಂದೆರಡು ಮಿಲಿಮೀಟರ್ ಬಿಟ್ರು, ಹೊಸ ಅಂಟು ಅದರ ಮೇಲೇ ಚೆನ್ನಾಗಿ ಹಿಡಿಯುತ್ತಂತೆ. ಗೀರಿಗೆಲ್ಲ ಪ್ರೈಮರ್ ಹಚ್ಚಿ ಒಣಗಿಸಿ, ಗನ್ನಲ್ಲಿ ಎಲ್ಲೂ ಕಡಿಯದಂಗೆ ಒಂದೇ ಎಳೆ ಬಿಟ್ಟು, ಗ್ಲಾಸ್ ಕೂರ್ಸಿ ಟೇಪ್ ಹಾಕಿದ್ರು. ಈ ಅಂಟು ಗಾಳಿ ತೇವದಿಂದ ಗಟ್ಟಿಯಾಗೋದು, ಅದ್ಕೆ ಒಂದು ದಿನ ಕಿಟಕಿ ಸ್ವಲ್ಪ ಇಳಿಸಿಡಿ, ಬಾಗ್ಲು ಜೋರಾಗಿ ಹಾಕಿದ್ರೆ ಒಳಗಿನ ಗಾಳಿ ಗ್ಲಾಸನ್ನ ತಳ್ಳುತ್ತೆ ಅಂದ್ರು. ಡಾಕ್ಟ್ರು, ಗ್ಲಾಸು ಎಲ್ಲ ಸೇರಿ 9000 ದಾಟ್ತು.

ಮಾಡ್ಲೇಬೇಕು ಅನ್ನೋರು ಕನ್ನಡಕ, ದಪ್ಪ ಗ್ಲೌಸ್, ತುಂಬುತೋಳಿನ ಅಂಗಿ ಇಲ್ದೆ ಒಳಗೆ ಯಾರನ್ನೂ ಕೂರಿಸ್ಬೇಡಿ, ಅಂಚಿಗೆ ಕಬ್ಬಿಣ ತಾಗಿಸ್ಲೇಬೇಡಿ. ನಾಲ್ಕು ಸಲ ವ್ಯಾಕ್ಯೂಮ್ ಹೊಡ್ದಿದೀವಿ, ನಿನ್ನೆ ಸ್ಟೆಪ್ನಿ ಎತ್ತಿದ್ರೆ ಅಡೀಲಿ ಇನ್ನೂ ಎರಡು ಚೂರಿತ್ತು.